ನಾಡಿಯೂ ನರವೂ
(ಮುಂಡಗೋಡದ ಭಿಕ್ಷುಗಳ ಹೊಸ ವಿದ್ಯೆಯನ್ನು ಕುರಿತು ಒಂದು ವಿಚಾರ)

ಮುಂಡಗೋಡದ ಸಮೀಪದಲ್ಲಿರುವ ಟಿಬೇಟಿ ವಸಾಹತಿಗೆ ಸಂಜೆಯ ವೇಳೆ ಹೋದವರು ಅಲ್ಲಿಯ ವಿಹಾರಗಳ ಅಂಗಳದಲ್ಲಿ ಒಂದು ವಿಶೇಷ ದೃಶ್ಯವನ್ನು ಕಂಡಿರಬಹುದು. ಒಬ್ಬ ಭಿಕ್ಷು ನೆಲದ ಮೇಲೆ ಕುಳಿತಿರುತ್ತಾನೆ. ಮತ್ತೊಬ್ಬನು ಎದುರಿಗೆ ನಿಂತು ಪ್ರಶ್ನೆಯೊಂದನ್ನು ಎಸೆದು, ಕಾಲಿನಿಂದ ನೆಲವನ್ನು ತಟ್ಟಿ, ಅಂಗೈಗೆ ಅಂಗೈ ಹೊಡೆದು ಉತ್ತರಕ್ಕಾಗಿ ಆಗ್ರಹಿಸುತ್ತಾನೆ. ಇದು ಜಗಳವಲ್ಲ, ವಾದ. ನಾಲಂದಾ ಮಹಾವಿಹಾರದ ಪಂಡಿತರಿಂದ ತಮಗೆ ಬಂದುದೆಂದು ಟಿಬೇಟಿಯರು ಹೇಳಿಕೊಳ್ಳುವ ತರ್ಕಪದ್ಧತಿ. ಶತಮಾನಗಳಿಂದ ಈ ಅಂಗಳಗಳಲ್ಲಿ ಪ್ರಮಾಣ, ಶೂನ್ಯತೆ, ಚಿತ್ತ, ಕರ್ಮ ಇವೇ ವಾದವಸ್ತುಗಳಾಗಿದ್ದವು. ಈಗ ಅದೇ ವಿಹಾರಗಳಲ್ಲಿ ಇನ್ನೊಂದು ವಿಷಯವೂ ಪಾಠವಾಗಿ, ವಾದವಾಗಿ ನಡೆಯುತ್ತಿದೆ. ಅದು ಮಾನವನ ನರಮಂಡಲ.

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕೂ ಕಡೆಯ ಭಕ್ತರ ಸಂಪರ್ಕವಿರುವ ನಮಗೆ ಈ ಸಂಗತಿ ಕೇವಲ ಕುತೂಹಲದ ವಿಷಯವಾಗಿ ತೋರಲಿಲ್ಲ. ಆರುನೂರು ವರ್ಷಗಳ ಪಾಠಕ್ರಮವುಳ್ಳ ಒಂದು ಧರ್ಮಪೀಠವು ಶರೀರಶಾಸ್ತ್ರವನ್ನು ಏಕೆ ಕೈಗೆತ್ತಿಕೊಂಡಿತು, ಹೇಗೆ ಕೈಗೆತ್ತಿಕೊಂಡಿತು ಎಂಬುದರಲ್ಲಿ ಎಲ್ಲ ಮಠಗಳೂ ಕಲಿಯತಕ್ಕ ಪಾಠವಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಶಬ್ದದ ವಿಚಾರ. ನಮ್ಮ ಹಳ್ಳಿಗಳಲ್ಲಿ ‘ನರ’ ಎಂಬ ಮಾತು ಮೂರು ನಾಲ್ಕು ವಸ್ತುಗಳಿಗೆ ಸಲ್ಲುತ್ತದೆ. ಮುಂಗೈಯಲ್ಲಿ ನೀಲಿಯಾಗಿ ಉಬ್ಬಿ ಕಾಣುವ ರಕ್ತನಾಳವೂ ನರ. ಹಿಮ್ಮಡಿಯ ಮೇಲಿನ ಗಟ್ಟಿ ಕಂಡರವೂ ನರ. ಕತ್ತು ಹಿಡಿದರೆ ‘ನರ ಎಳೆದಿದೆ’ ಎನ್ನುತ್ತೇವೆ. ವೈದ್ಯರು ಹೇಳುವ ನರವು ಇವುಗಳಲ್ಲಿ ಯಾವುದೂ ಅಲ್ಲ. ‘ಸ್ನಾಯು’ ಶಬ್ದದ ಗತಿಯಂತೂ ಇನ್ನೂ ವಿಚಿತ್ರ. ಸುಶ್ರುತ ಸಂಹಿತೆಯಲ್ಲಿ ಸ್ನಾಯುವೆಂದರೆ ಕೀಲುಗಳನ್ನು ಬಿಗಿದು ಕಟ್ಟುವ ಬಂಧನ. ಅಂಥವು 900 ಎಂದು ಅದು ಎಣಿಸುತ್ತದೆ. ಕನ್ನಡದಲ್ಲಿ ಇಂದು ಸ್ನಾಯುವೆಂದರೆ ಮಾಂಸಖಂಡ. ಬಂಗಾಳಿಯಲ್ಲಿ ಅದೇ ಶಬ್ದಕ್ಕೆ ನರವೆಂದು ಅರ್ಥ. ಒಂದೇ ಶಬ್ದ ಮೂರು ಕಡೆ ಮೂರು ವಸ್ತುವನ್ನು ಹೇಳುವಾಗ, ಹಳೆಯ ಗ್ರಂಥದ ಶಬ್ದವನ್ನು ಇಂದಿನ ಪುಸ್ತಕದ ಶಬ್ದದೊಡನೆ ಕಣ್ಣು ಮುಚ್ಚಿ ಸಮೀಕರಿಸುವುದು ಎಷ್ಟು ಅಪಾಯಕರವೆಂಬುದು ತಿಳಿಯುತ್ತದೆ.

‘ನಾಡಿ’ಯ ವಿಷಯದಲ್ಲಿ ಈ ಅಪಾಯ ಇನ್ನೂ ಹೆಚ್ಚು. ವೈದ್ಯನು ಮಣಿಕಟ್ಟಿನಲ್ಲಿ ಹಿಡಿದು ನೋಡುವ ನಾಡಿ ಒಂದು. ಅದು ಹೃದಯದ ಬಡಿತ ಧಮನಿಯಲ್ಲಿ ಮಿಡಿಯುವ ಬಗೆ. ಯೋಗಿಯು ಹೇಳುವ ನಾಡಿ ಇನ್ನೊಂದು. ಹಠಯೋಗದ ಗ್ರಂಥಗಳು ಇವು 72,000 ಎನ್ನುತ್ತವೆ, ಇಡಾ, ಪಿಂಗಳಾ, ಸುಷುಮ್ನಾ ಎಂಬ ಮೂರನ್ನು ಮುಖ್ಯವೆನ್ನುತ್ತವೆ. ಈ ಮೂರರ ಮಾತು ನಮ್ಮ ವಚನಗಳಲ್ಲಿಯೂ ಬರುತ್ತದೆ. ಅಲ್ಲಿ ಅದು ಸಾಧಕನ ಅನುಭವದ ಭಾಷೆ. ಉಸಿರನ್ನು, ಮನಸ್ಸನ್ನು, ದೃಷ್ಟಿಯನ್ನು ಒಂದೆಡೆಗೆ ತರುವ ದಾರಿಯ ಗುರುತು. ಹೆಣವನ್ನು ಕೊಯ್ದು ನೋಡಿ ಬರೆದ ಪಟ್ಟಿಯಲ್ಲ.

ಹಾಗೆಂದು ನಮ್ಮ ಪ್ರಾಚೀನರು ಶರೀರವನ್ನು ಕೊಯ್ದು ನೋಡಲಿಲ್ಲವೆಂದಲ್ಲ. ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿರಿಸಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಮುಳುಗಿಸಿ, ಬಳಿಕ ಪದರಪದರವಾಗಿ ಉಜ್ಜಿ ನೋಡುವ ವಿಧಾನವನ್ನು ಸುಶ್ರುತನೇ ಹೇಳಿದ್ದಾನೆ. 107 ಮರ್ಮಸ್ಥಾನಗಳನ್ನು ಗುರುತಿಸಿದ್ದಾನೆ. ಆದರೆ ಮಿದುಳು ಅತಿ ಮೃದುವಾದ ವಸ್ತು. ಅಷ್ಟು ದಿನ ನೀರಿನಲ್ಲಿದ್ದರೆ ಅದು ಕರಗಿ ಹೋಗುತ್ತದೆ. ಆಯುರ್ವೇದದ ಬಹುತೇಕ ಆಚಾರ್ಯರು ಚೇತನದ ಸ್ಥಾನ ಹೃದಯವೆಂದೇ ನಂಬಿದ್ದರು. ಭೇಲ ಸಂಹಿತೆಯೊಂದು ಮಾತ್ರ ಮನಸ್ಸನ್ನು ಶಿರಸ್ಸಿಗೂ ತಾಲುವಿಗೂ ನಡುವೆ ಇರಿಸಿತು. ಗ್ರೀಸಿನಲ್ಲಿಯೂ ಹೃದಯವಾದಿಗಳೂ ಮಿದುಳುವಾದಿಗಳೂ ಹೀಗೆಯೇ ಇದ್ದರು. ಅರಿಸ್ಟಾಟಲನಂಥ ಮೇಧಾವಿಯೂ ಹೃದಯದ ಪಕ್ಷದವನು.

ಯೋಗದ ನಾಡಿ ಹೆಣದಲ್ಲಿ ಕಾಣುವುದಿಲ್ಲವೆಂಬ ಪ್ರಶ್ನೆಯೂ ಹೊಸದಲ್ಲ. ಟಿಬೇಟಿನ ವೈದ್ಯಗ್ರಂಥವು ಮಿದುಳನ್ನು ನಾಡಿಗಳ ಸಾಗರವೆಂದು ಕರೆದು, ಅಲ್ಲಿಂದ ಬೇರುಗಳಂತೆ ನಾಡಿಗಳು ಕೆಳಗಿಳಿಯುತ್ತವೆಂದು ವರ್ಣಿಸುತ್ತದೆ. ಆದರೆ ತಂತ್ರಶಾಸ್ತ್ರದ ಮಧ್ಯನಾಡಿಯು ಸ್ಥೂಲದೇಹದಲ್ಲಿ ಎಲ್ಲಿದೆ ಎಂಬ ಪ್ರಶ್ನೆಯನ್ನು 16ನೆಯ ಶತಮಾನದಲ್ಲಿ ಜುರ್ಖರ್ ಲೋಡ್ರೋ ಗ್ಯಾಲ್ಪೋ ಮೊದಲಾದ ಟಿಬೇಟಿ ವೈದ್ಯರು ಮುಚ್ಚುಮರೆಯಿಲ್ಲದೆ ಚರ್ಚಿಸಿದರು. ನಮ್ಮ ದೇಶದಲ್ಲಿ ಇದೇ ಪ್ರಶ್ನೆ ಸ್ವಾಮಿ ದಯಾನಂದ ಸರಸ್ವತಿಯವರನ್ನು ಕಾಡಿತು. ತರುಣ ಸಂನ್ಯಾಸಿಯಾಗಿ ಗಂಗಾತೀರದಲ್ಲಿ ಸಂಚರಿಸುತ್ತಿದ್ದಾಗ ತೇಲಿಬಂದ ಒಂದು ಶವವನ್ನು ದಡಕ್ಕೆಳೆದು, ಕೊಯ್ದು, ಗ್ರಂಥದ ವರ್ಣನೆಯೊಡನೆ ಹೋಲಿಸಿ ನೋಡಿದುದಾಗಿಯೂ, ಹೋಲಿಕೆ ಕಾಣದೆ ಆ ಗ್ರಂಥಗಳನ್ನು ಶವದೊಡನೆ ನದಿಗೆ ಎಸೆದುದಾಗಿಯೂ ಅವರೇ ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ.

ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಮುಂಬಯಿಯ ವೈದ್ಯರಾದ ವಸಂತ ರೇಳೆಯವರು ಹಿಡಿದರು. ಕುಂಡಲಿನಿಯೆಂದರೆ ಮಿದುಳಿನಿಂದ ಹೊರಟು ಹೃದಯ, ಶ್ವಾಸಕೋಶ, ಜಠರಗಳವರೆಗೆ ಅಲೆಯುವ ವೇಗಸ್ ಎಂಬ ನರವೇ ಎಂದು 1927ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಆ ಗ್ರಂಥಕ್ಕೆ ಮುನ್ನುಡಿ ಬರೆದ ಸರ್ ಜಾನ್ ವುಡ್ರೋಫ್ ಅವರೇ ಈ ಸಮೀಕರಣವನ್ನು ಒಪ್ಪಲಿಲ್ಲ. ಒಬ್ಬರು ಗ್ರಂಥವನ್ನು ನದಿಗೆ ಎಸೆದರು; ಇನ್ನೊಬ್ಬರು ಗ್ರಂಥದಲ್ಲಿ ಎಲ್ಲವೂ ಮೊದಲೇ ಇತ್ತೆಂದರು. ಎರಡೂ ದಾರಿಗಳು ಒಂದೇ ಎಣಿಕೆಯಿಂದ ಹೊರಟವು: ನಾಡಿಯೆಂದರೆ ನರವೇ ಆಗಿರಬೇಕು, ಇಲ್ಲದಿದ್ದರೆ ಅದು ಸುಳ್ಳು. ಈ ಎಣಿಕೆಯೇ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ನರವೆಂದರೇನು? ಅದನ್ನು ಕಂಡ ಇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ.

ಇಟಲಿಯ ಗಾಲ್ವಾನಿಯು ಸತ್ತ ಕಪ್ಪೆಯ ಕಾಲು ವಿದ್ಯುತ್ ತಾಗಿದೊಡನೆ ಜಿಗಿಯುವುದನ್ನು ಕಂಡು 1791ರಲ್ಲಿ ಪ್ರಕಟಿಸಿದನು. ನರದಲ್ಲಿ ಹರಿಯುವುದು ಗಾಳಿಯೋ ರಸವೋ ಎಂಬ ಹಳೆಯ ಊಹೆಗಳು ಅಂದಿನಿಂದ ಹಿಂದೆ ಸರಿದವು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂದೇಶದ ವೇಗವನ್ನು ಅಳೆದನು. ಅದು ಸೆಕೆಂಡಿಗೆ ಸುಮಾರು 27 ಮೀಟರು. ಆಲೋಚನೆಯೆಂಬುದು ಕಾಲಾತೀತವೆಂದು ನಂಬಿದ್ದವರಿಗೆ ಅದು ಆಘಾತವಾಗಿತ್ತು. ಮನುಷ್ಯನ ದಪ್ಪ ನರತಂತುಗಳಲ್ಲಿ ಈ ವೇಗ ಸೆಕೆಂಡಿಗೆ 100 ಮೀಟರನ್ನು ಮೀರಬಹುದು. ಮೇಲುಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಒಂದು ಮೀಟರಿನ ಆಸುಪಾಸು. ಕಾಲಿಗೆ ಮುಳ್ಳು ಚುಚ್ಚಿದಾಗ ಮೊದಲು ಚುರುಕೆಂದು, ಕ್ಷಣದ ಬಳಿಕ ಮಂದವಾದ ಉರಿ ಬರುವುದು ಈ ಕಾರಣದಿಂದಲೇ. ಎರಡು ಬಗೆಯ ತಂತುಗಳು ಎರಡು ವೇಗದಲ್ಲಿ ಸುದ್ದಿ ತರುತ್ತವೆ.

ಈ ಸಂದೇಶವು ಅಂಬಿಕಾನಗರದ ನಾಗಝರಿ ವಿದ್ಯುದಾಗಾರದಿಂದ ತಂತಿಯಲ್ಲಿ ಹರಿಯುವ ವಿದ್ಯುತ್ತಿನಂಥದಲ್ಲ. ಬೇಸಿಗೆಯಲ್ಲಿ ಜೋಯಿಡಾದ ಗುಡ್ಡದ ಒಣಹುಲ್ಲಿಗೆ ಕಿಡಿ ಬಿದ್ದರೆ ಬೆಂಕಿಯ ಗೆರೆ ಹೇಗೆ ಸಾಗುತ್ತದೆಯೋ ಹಾಗೆ ಅದು ಸಾಗುತ್ತದೆ. ಒಂದು ಎಸಳು ಮುಂದಿನ ಎಸಳನ್ನು ಹೊತ್ತಿಸುತ್ತದೆ, ಬೆಂಕಿ ದೂರ ಸಾಗಿದರೂ ಬಡವಾಗುವುದಿಲ್ಲ. ನರತಂತುವಿನ ಪೊರೆಯ ಒಳಗೂ ಹೊರಗೂ ಇರುವ ಸೋಡಿಯಂ, ಪೊಟ್ಯಾಸಿಯಂ ಕಣಗಳು ಕ್ಷಣಾರ್ಧದಲ್ಲಿ ಸ್ಥಾನ ಬದಲಿಸುವುದರಿಂದ ಈ ಜ್ವಾಲೆ ಹುಟ್ಟುತ್ತದೆ. ವ್ಯತ್ಯಾಸವಿಷ್ಟೆ: ಹುಲ್ಲು ಮತ್ತೆ ಚಿಗುರಲು ಮಳೆ ಬರಬೇಕು, ನರವು ಸೆಕೆಂಡಿನ ಸಾವಿರದ ಕೆಲವು ಭಾಗಗಳಲ್ಲಿ ಮತ್ತೆ ಸಿದ್ಧವಾಗುತ್ತದೆ.

ಇನ್ನು ರಚನೆ. ಗಾಲ್ಜಿ ಎಂಬ ಇಟಲಿಯ ವಿದ್ವಾಂಸನು 1873ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಕಪ್ಪು ಬಣ್ಣ ಹಿಡಿಸುವ ವಿಧಾನವನ್ನು ಕಂಡುಕೊಂಡನು. ಅದೇ ವಿಧಾನವನ್ನು ಬಳಸಿ ಸ್ಪೇನಿನ ಕಾಹಾಲ್ ಎಂಬವನು, ನರಮಂಡಲವು ಎಡೆಬಿಡದ ಬಲೆಯಲ್ಲ, ಬಿಡಿಬಿಡಿಯಾದ ಕೋಶಗಳ ಸಮುದಾಯವೆಂದು ಸಾಧಿಸಿದನು. ಗಾಲ್ಜಿಯು ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. 1906ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಪಾರಿತೋಷಕ ಬಂದಿತು. ಒಂದೇ ವೇದಿಕೆಯಿಂದ ಇಬ್ಬರೂ ಪರಸ್ಪರ ವಿರುದ್ಧವಾದ ಮಾತನ್ನಾಡಿದರು! ಮುಂಡಗೋಡದ ವಾದದ ಅಂಗಳಕ್ಕೆ ಇದು ಅಪರಿಚಿತ ದೃಶ್ಯವೇನಲ್ಲ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕೋಶಕ್ಕೂ ಕೋಶಕ್ಕೂ ನಡುವಣ ಸಂದನ್ನು ಕಣ್ಣಿಗೆ ತೋರಿಸಿ ಕಾಹಾಲನ ಪಕ್ಷವನ್ನು ಎತ್ತಿಹಿಡಿಯಿತು.

ಇಂಥ ನರಕೋಶಗಳು ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ. ಮಿದುಳಿನ ತೂಕ ಒಂದೂಕಾಲು, ಒಂದೂವರೆ ಕಿಲೋಗ್ರಾಮುಗಳ ನಡುವೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಐದರಲ್ಲಿ ಒಂದು ಪಾಲನ್ನು ಅದೊಂದೇ ಬಳಸುತ್ತದೆ. ಮಿದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಟು ಶರೀರವನ್ನೆಲ್ಲ ವ್ಯಾಪಿಸುತ್ತವೆ. ಕೆಲವು ಸುದ್ದಿಯನ್ನು ಒಳಗೆ ತರುತ್ತವೆ, ಕೆಲವು ಆಜ್ಞೆಯನ್ನು ಹೊರಗೆ ಒಯ್ಯುತ್ತವೆ. ಬಿಸಿ ಪಾತ್ರೆಗೆ ಕೈ ತಾಗಿದರೆ ಬೆನ್ನುಹುರಿಯೇ ಕೈಯನ್ನು ಹಿಂದಕ್ಕೆಳೆಸಿರುತ್ತದೆ. ಮಿದುಳಿಗೆ ಸುದ್ದಿ ಮುಟ್ಟುವುದು ಆಮೇಲೆ. ಹೃದಯದ ಬಡಿತ, ಜೀರ್ಣಕ್ರಿಯೆ, ಬೆವರು ಇವುಗಳನ್ನು ನಮ್ಮ ಇಚ್ಛೆಗೆ ಕಾಯದೆ ನಡೆಸುವ ಸ್ವಾಯತ್ತ ನರಮಂಡಲವು ಬೇರೆಯೇ ಇದೆ. ಉಸಿರು ಮಾತ್ರ ತಾನಾಗಿಯೂ ನಡೆಯುತ್ತದೆ, ಇಚ್ಛೆಗೂ ಒಳಪಡುತ್ತದೆ. ಯೋಗಿಗಳು ಉಸಿರಿನ ಬಾಗಿಲಿನಿಂದಲೇ ಒಳಹೊಕ್ಕುದು ಆಕಸ್ಮಿಕವಲ್ಲವೆಂದು ತೋರುತ್ತದೆ.

ಕೋಶಕ್ಕೂ ಕೋಶಕ್ಕೂ ನಡುವಣ ಸಂದನ್ನು ಸಂದೇಶವು ದಾಟುವುದು ಹೇಗೆ? 1921ರಲ್ಲಿ ಓಟೋ ಲೋವಿ ಎಂಬವರು ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿ, ಆ ಹೃದಯವನ್ನು ತೊಳೆದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದರು. ಎರಡನೆಯದರ ಬಡಿತವೂ ನಿಧಾನವಾಯಿತು. ನರದ ತುದಿಯಿಂದ ಒಂದು ರಾಸಾಯನಿಕ ಹೊರಬೀಳುತ್ತದೆಂದು ಹೀಗೆ ಸಿದ್ಧವಾಯಿತು. ಈ ತತ್ತ್ವದ ಭಯಂಕರ ಉದಾಹರಣೆ ನಮ್ಮ ಕಾಡುಗಳಲ್ಲಿಯೇ ಇದೆ. ನೆಲದ ಮೇಲೆ ಮಲಗಿದವನನ್ನು ರಾತ್ರಿ ಕಟ್ಟುಹಾವು ಕಚ್ಚಿದರೆ ನೋವಾಗಲಿ ಬಾವಾಗಲಿ ಹೆಚ್ಚಾಗಿ ಇರುವುದೇ ಇಲ್ಲ. ಬೆಳಗಾಗುವ ಹೊತ್ತಿಗೆ ರೆಪ್ಪೆಗಳು ಜೋಲುತ್ತವೆ, ನಾಲಗೆ ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ವಿಷವು ನರಕ್ಕೂ ಸ್ನಾಯುವಿಗೂ ನಡುವಣ ಆ ರಾಸಾಯನಿಕ ಸೇತುವೆಯನ್ನೇ ಕಡಿದಿರುತ್ತದೆ. ಕಟ್ಟುಹಾವಿನದೇ ಕುಲದ ತೈವಾನಿನ ಒಂದು ಹಾವಿನ ವಿಷದಿಂದ 1963ರಲ್ಲಿ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು ಬೇರ್ಪಡಿಸಿದ ವಸ್ತುವೇ ಮುಂದೆ ಆ ಸೇತುವೆಯ ರಚನೆಯನ್ನು ತಿಳಿಯಲು ನೆರವಾಯಿತೆಂಬುದು ಗಮನಾರ್ಹ. ಕೊಲ್ಲುವ ವಿಷವೂ ಜಿಜ್ಞಾಸುವಿಗೆ ಗುರುವಾಯಿತು.

ಈಗ ಮುಂಡಗೋಡಕ್ಕೆ ಮರಳೋಣ. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ಮೇಲೆ, ವಿಹಾರಗಳ ಅನೇಕ ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಲ್ಲಿ ಕಷ್ಟದ ದಿನಗಳನ್ನು ಕಳೆದರು. ಕ್ಷಯರೋಗ ಅಲ್ಲಿ ಅನೇಕರನ್ನು ಬಲಿ ತೆಗೆದುಕೊಂಡಿತು. ಎಸ್. ನಿಜಲಿಂಗಪ್ಪನವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ 1966ರಲ್ಲಿ ಮುಂಡಗೋಡದ ವಸಾಹತು ಆರಂಭವಾಯಿತು. ಕೆಲವು ವರ್ಷಗಳಲ್ಲಿ ಬಕ್ಸಾದ ಭಿಕ್ಷುಗಳು ಇಲ್ಲಿಗೆ ಬಂದು ಕಾಡು ಕಡಿದು, ಗೋವಿನಜೋಳ ಬಿತ್ತಿ, ಲ್ಹಾಸಾದ ಬಳಿ 1409ರಲ್ಲಿ ಸ್ಥಾಪಿತವಾಗಿದ್ದ ಗಾಂದೆನ್, 1416ರಲ್ಲಿ ಸ್ಥಾಪಿತವಾಗಿದ್ದ ದ್ರೆಪುಂಗ್ ವಿಹಾರಗಳನ್ನು ಇಲ್ಲಿ ಮತ್ತೆ ಕಟ್ಟಿದರು. ಮೂರನೆಯದಾದ ಸೆರಾ ವಿಹಾರವು ಬೈಲಕುಪ್ಪೆಯಲ್ಲಿ ನೆಲೆಗೊಂಡಿತು.

ಎಲ್ಲವನ್ನೂ ಕಳೆದುಕೊಂಡು ಬಂದವರು ಇದ್ದುದನ್ನು ಇದ್ದಂತೆಯೇ ಬಿಗಿಹಿಡಿಯುವುದು ಸಹಜ. ಆದರೂ ದಲೈ ಲಾಮಾ ಅವರು ನರವಿಜ್ಞಾನಿ ಫ್ರಾನ್ಸಿಸ್ಕೊ ವರೇಲಾ ಮೊದಲಾದವರೊಡನೆ 1987ರಲ್ಲಿ ಧರ್ಮಶಾಲೆಯಲ್ಲಿ ಸಂವಾದವನ್ನು ಆರಂಭಿಸಿದರು. ಈ ಸಂವಾದಗಳಲ್ಲಿ ಬಹುಕಾಲ ದುಭಾಷಿಯಾಗಿ ನಿಂತ ಥುಪ್ತೆನ್ ಜಿನ್ಪಾ ಅವರು ನಮ್ಮ ಮುಂಡಗೋಡದ ಗಾಂದೆನ್ ವಿಹಾರದಲ್ಲಿ ಓದಿ, ಬಳಿಕ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದವರು. 2006ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯವು ಭಿಕ್ಷುಗಳಿಗಾಗಿ ವಿಜ್ಞಾನದ ಪಾಠಕ್ರಮವನ್ನು ರೂಪಿಸಲು ತೊಡಗಿತು. ಟಿಬೇಟಿ ಭಾಷೆಯಲ್ಲಿ ಇಲ್ಲದ ಪಾರಿಭಾಷಿಕ ಶಬ್ದಗಳನ್ನು ವಿದ್ವಾಂಸರು ಕುಳಿತು ಟಂಕಿಸಿದರು. ಟಿಬೇಟಿ–ಇಂಗ್ಲಿಷ್ ಜೋಡಿ ಪಠ್ಯಪುಸ್ತಕಗಳು ಸಿದ್ಧವಾದವು. ಧರ್ಮಶಾಲೆಯಲ್ಲಿ ಪ್ರಯೋಗ ನಡೆದ ಬಳಿಕ, 2014ರಿಂದ ದ್ರೆಪುಂಗ್, ಗಾಂದೆನ್, ಸೆರಾ ವಿಹಾರಗಳಲ್ಲಿ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನಗಳ ಆರು ವರ್ಷಗಳ ಕ್ರಮಬದ್ಧ ಬೋಧನೆ ಆರಂಭವಾಯಿತು. ಅದಕ್ಕೂ ಮುನ್ನ, 2013ರ ಜನವರಿಯಲ್ಲಿ, ದ್ರೆಪುಂಗ್ ವಿಹಾರದಲ್ಲಿಯೇ ಆರು ದಿನಗಳ ಮಹಾಸಂವಾದವೊಂದು ನಡೆಯಿತು. ಕ್ರಿಸ್ಟಾಫ್ ಕಾಖ್, ರಿಚರ್ಡ್ ಡೇವಿಡ್‌ಸನ್ ಮೊದಲಾದ ನರವಿಜ್ಞಾನಿಗಳು ಸಹಸ್ರಾರು ಭಿಕ್ಷುಗಳೆದುರು ಮಿದುಳು ಮತ್ತು ಚಿತ್ತಗಳ ಸಂಬಂಧವನ್ನು ಚರ್ಚಿಸಿದರು.

ಇಲ್ಲಿ ಗಮನಿಸಬೇಕಾದುದು ಆ ಭಿಕ್ಷುಗಳ ಬೌದ್ಧಿಕ ಪ್ರಾಮಾಣಿಕತೆ. ಚಿತ್ತವು ಮಿದುಳಿನ ಕ್ರಿಯೆಯಷ್ಟೇ ಎಂಬ ಮಾತನ್ನು ಅವರು ಒಪ್ಪಿಕೊಂಡಿಲ್ಲ. ಒಪ್ಪದೆಯೇ ಮಿದುಳಿನ ರಚನೆಯನ್ನು ಕಲಿಯುತ್ತಾರೆ. ತಮ್ಮ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವುದಕ್ಕೂ ಹಿಂಜರಿದಿಲ್ಲ. ಸಾಧಕರಾದ ಕೆಲವು ಲಾಮಾಗಳು ಮರಣದ ಬಳಿಕವೂ ದಿನಗಟ್ಟಲೆ ‘ತುಕ್‌ದಮ್’ ಎಂಬ ಸೂಕ್ಷ್ಮಧ್ಯಾನದಲ್ಲಿರುತ್ತಾರೆ, ಆಗ ಅವರ ದೇಹ ಕೊಳೆಯದೆ ಉಳಿಯುತ್ತದೆ ಎಂಬುದು ಅವರ ಶ್ರದ್ಧೆ. ಅಂಥ ದೇಹಗಳ ತಲೆಗೆ ವಿದ್ಯುನ್ಮಾಪಕಗಳನ್ನು ಜೋಡಿಸಿ ಪರೀಕ್ಷಿಸಲು ಅನುಮತಿ ದೊರೆಯಿತು. ಮಿದುಳಿನಲ್ಲಿ ಯಾವ ವಿದ್ಯುತ್ ಚಟುವಟಿಕೆಯೂ ಕಂಡುಬರಲಿಲ್ಲವೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಯಾರೂ ಗ್ರಂಥವನ್ನು ನದಿಗೆ ಎಸೆಯಲಿಲ್ಲ. ಯಾರೂ ಫಲಿತಾಂಶವನ್ನು ಬಚ್ಚಿಡಲಿಲ್ಲ. ಶ್ರದ್ಧೆ ಶ್ರದ್ಧೆಯಾಗಿಯೇ ಉಳಿಯಿತು, ಅಳತೆ ಅಳತೆಯಾಗಿಯೇ ಉಳಿಯಿತು.

ನಮ್ಮ ನಾಡಿನಲ್ಲಿ ಇಂಥ ವಿದ್ಯೆಗೆ ನೆಲೆಯಿಲ್ಲದಿಲ್ಲ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಸಂರಕ್ಷಿಸುವ ಭಂಡಾರವೂ ಅಲ್ಲಿದೆ. ಯೋಗದ ಪರಿಣಾಮವನ್ನು ಕುರಿತ ಸಂಶೋಧನೆಯೂ ಅಲ್ಲಿ ನಡೆಯುತ್ತಿದೆ. ಕೊರತೆಯಿರುವುದು ಆಸ್ಪತ್ರೆಗೂ ಮಠಕ್ಕೂ ನಡುವಣ ಸಂದಿನಲ್ಲಿ.

ಈ ಸಂದಿನ ಬೆಲೆಯನ್ನು ನಾವು ಬಲ್ಲೆವು. ನಾವು ಪೀಠಕ್ಕೆ ಬಂದ ಹೊಸತರಲ್ಲಿ ಜೋಯಿಡಾದ ಕಡೆಯ ದಂಪತಿಗಳು ಎಂಟೊಂಬತ್ತು ವರ್ಷದ ಮಗಳನ್ನು ಕರೆತಂದಿದ್ದರು. ಮಗುವಿಗೆ ಆಗಾಗ ಮೂರ್ಛೆ ಬರುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಓದಿ ಬಂದವರಾದ ನಮಗೆ ಅದು ಮಿದುಳಿನ ವ್ಯಾಧಿಯೆಂದು ಗೊತ್ತಿತ್ತು. ಆದರೆ ಭಕ್ತರ ನಂಬಿಕೆಗೆ ಎಲ್ಲಿ ನೋವಾದೀತೋ ಎಂದು ಅಳುಕಿ, ವಿಭೂತಿ ಕೊಟ್ಟು ಹರಸಿ ಕಳುಹಿಸಿದೆವು. ಆಸ್ಪತ್ರೆಯ ಮಾತನ್ನು ಎತ್ತಲಿಲ್ಲ. ಮರುವರ್ಷ ಜಾತ್ರೆಗೆ ತಂದೆಯೊಬ್ಬನೇ ಬಂದನು. ನೀರು ತರಲು ಹೋದವಳು ಹಳ್ಳದ ಅಂಚಿನಲ್ಲಿ ಮೂರ್ಛೆ ಬಂದು ನೀರಿಗೆ ಬಿದ್ದಳಂತೆ. ಅವನು ನಮ್ಮನ್ನು ದೂರಲಿಲ್ಲ, ಎಂದಿನಂತೆಯೇ ಪಾದಕ್ಕೆರಗಿದನು. ಆ ನಮಸ್ಕಾರದ ಭಾರ ಇಂದಿಗೂ ಇಳಿದಿಲ್ಲ.

ಮಿದುಳಿನ ಒಂದು ಗುಂಪಿನ ಕೋಶಗಳು ಕ್ರಮ ತಪ್ಪಿ ಒಮ್ಮೆಲೇ ಕಿಡಿಯೆದ್ದಾಗ ಮೂರ್ಛೆ ಬರುತ್ತದೆ. ಅದು ಗ್ರಹಚೇಷ್ಟೆಯಲ್ಲ, ಪೂರ್ವಜರ ಶಾಪವಲ್ಲ, ಅಂಟುರೋಗವಲ್ಲ. ಸರಿಯಾದ ಗುಳಿಗೆಯನ್ನು ತಪ್ಪದೆ ಸೇವಿಸಿದರೆ ಹತ್ತರಲ್ಲಿ ಏಳು ಮಂದಿಗೆ ಮೂರ್ಛೆ ನಿಲ್ಲಬಲ್ಲದು. ಹಾಗೆಯೇ ಲಕ್ವವೂ. ಮುಖ ಒಂದು ಕಡೆ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಮಿದುಳಿನ ರಕ್ತನಾಳ ಕಟ್ಟಿದೆ ಅಥವಾ ಒಡೆದಿದೆ ಎಂದರ್ಥ. ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಎಣ್ಣೆ ತಿಕ್ಕುವುದರಲ್ಲಿ ಆ ಹೊತ್ತು ಕಳೆಯಬಾರದು. ಹಾವು ಕಚ್ಚಿದವರಿಗೆ ಮಂತ್ರ ಹಾಕಿಸುತ್ತ ಕೂರದೆ, ಪ್ರತಿವಿಷವೂ ಉಸಿರಾಟದ ಯಂತ್ರವೂ ಇರುವ ಆಸ್ಪತ್ರೆಗೆ ಒಯ್ಯಬೇಕು.

ಮಠದ ಹೊಸ್ತಿಲಿಗೆ ಬಂದ ರೋಗಿಗೆ ವಿಭೂತಿ ಕೊಡಬಾರದೆಂದು ನಾವು ಹೇಳುವುದಿಲ್ಲ. ವಿಭೂತಿಯು ಧೈರ್ಯವನ್ನು ಕೊಡುತ್ತದೆ, ಧೈರ್ಯವೂ ಬೇಕಾದದ್ದೇ. ಆದರೆ ಅದೇ ಕೈ ವೈದ್ಯನ ಮನೆಯ ದಾರಿಯನ್ನೂ ತೋರಿಸಬೇಕು. ನಾಡಿಯು ಸಾಧಕನ ಮಾತು, ನರವು ವೈದ್ಯನ ಮಾತು. ಒಂದನ್ನು ಇನ್ನೊಂದರ ಸ್ಥಾನದಲ್ಲಿ ಕೂರಿಸಿದರೆ ಎರಡಕ್ಕೂ ಅಪಚಾರ. ಎರಡನ್ನೂ ಅದದರ ಸ್ಥಾನದಲ್ಲಿ ಕಲಿಯಬಹುದೆಂಬುದನ್ನು, ದೂರದಿಂದ ಬಂದು ನಮ್ಮ ನೆರೆಯಲ್ಲಿ ನೆಲೆಸಿದ ಭಿಕ್ಷುಗಳು ತೋರಿಸಿಕೊಟ್ಟಿದ್ದಾರೆ. ನಮ್ಮ ಪಾಠಶಾಲೆಗಳ ವಟುಗಳ ಕೈಗೂ ಶಾಸ್ತ್ರಗ್ರಂಥದ ಜೊತೆಯಲ್ಲಿ ಶರೀರಶಾಸ್ತ್ರದ ಒಂದು ಪುಸ್ತಕ ಬರಲಿ. ಮುಂದೆ ಅವರ ಹೊಸ್ತಿಲಿಗೆ ಬರುವ ಮಗುವಾದರೂ ಮರುವರ್ಷದ ಜಾತ್ರೆಗೆ ತಂದೆಯ ಕೈ ಹಿಡಿದು ಬರುವಂತಾಗಲಿ.